ಕ್ಲಚ್ ಪ್ಲೇಟ್ ಈಗಲೇ ತರಬೇಡಿ

ಅಪ್ಪನಿಗೆ ನಮಸ್ಕಾರ.

ಟ್ರ್ಯಾಕ್ಟರಿನಲ್ಲಿ ಎಣ್ಣೆ ಸೋರುತ್ತಿದೆ, ಕ್ಲಚ್ಚೂ ಸರಿಯಿಲ್ಲ, ಹೊಸ ಪ್ಲೇಟ್ ತರಲಾ ಅಂತ ನೀವು ಕೇಳುತ್ತಿದ್ದಾಗ ನಿನ್ನೆ ಅರ್ಧ ಮಾತಿಗೇ ಫೋನ್ ಕಟ್ಟಾಯಿತು. ಬರೆದು ಕಳಿಸಿದರೆ ಟ್ರ್ಯಾಕ್ಟರ್ ಪಕ್ಕ ಕೂತು ಓದಬಹುದು, ಅಲ್ವಾ? ಅದಕ್ಕೇ ಈ ಕಾಗದ.

ತಮ್ಮ ಕಳಿಸಿದ ಫೋಟೋ ನೋಡಿದೆ. ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ, ಕ್ಲಚ್ ಹೌಸಿಂಗ್ ತಳದಲ್ಲಿ ಒಂದು ತೂತಿದೆ. ಎಣ್ಣೆ ತೊಟ್ಟಿಕ್ಕುತ್ತಿರುವುದು ಅಲ್ಲಿಂದಲೇ. ಅದನ್ನು ಮಾತ್ರ ಮುಚ್ಚಬೇಡಿ. ಸೋರಿದ ಎಣ್ಣೆ ಹೊರಗೆ ಹೋಗಲಿ ಅಂತಲೇ ಆ ತೂತು ಇಟ್ಟಿರುವುದು. ಮುಚ್ಚಿದರೆ ಒಳಗೇ ನಿಂತು, ಎಂಜಿನ್ನಿನ ಬಲವನ್ನು ಗೇರ್ ಬಾಕ್ಸಿಗೆ ಹಿಡಿದು ಕೊಡುವ ಕ್ಲಚ್ ಪ್ಲೇಟಿಗೆ ಹತ್ತುತ್ತದೆ, ಆಗ ಅದು ಜಾರುತ್ತದೆ. (ಹೋದ ಸಲ ಅದಕ್ಕೆ ಮರದ ಬೆಣೆ ಬಡಿದವರು ಯಾರು ಅಂತ ನಾನು ಕೇಳುವುದಿಲ್ಲ.)

ಎಣ್ಣೆ ಯಾವುದು ಅನ್ನುವುದೇ ಮೊದಲ ಪ್ರಶ್ನೆ. ರಾತ್ರಿ ಕೆಳಗೆ ಬಿಳಿ ರಟ್ಟು ಇಡಿ. ಗೇರ್ ಎಣ್ಣೆ ಮಂದ, ಮೂಗಿಗೆ ಗಂಧಕದ ಘಾಟು ಬರುತ್ತದೆ. ಅದಾದರೆ ಗೇರ್ ಬಾಕ್ಸಿನ ಮುಂದಿನ ಶಾಫ್ಟ್ ಸೀಲ್, ಅಂದರೆ ಶಾಫ್ಟ್ ಸುತ್ತ ಎಣ್ಣೆ ತಡೆಯುವ ಬಳೆ, ಹೋಗಿದೆ. ತೆಳ್ಳಗಿದ್ದರೆ ಎಂಜಿನ್ ಎಣ್ಣೆ, ಕ್ರ್ಯಾಂಕಿನ (ಎಂಜಿನ್ನಿನ ತಿರುಗುವ ಮುಖ್ಯ ಶಾಫ್ಟಿನ) ಹಿಂದಿನ ಸೀಲ್ ಮೇಲೆ ಅನುಮಾನ. ಬಣ್ಣ ನಂಬಬೇಡಿ, ಪ್ಲೇಟಿನ ಪುಡಿ ಬೆರೆತರೆ ಎರಡೂ ಕಪ್ಪೇ. ಎರಡೂ ಎಣ್ಣೆಯ ಮಟ್ಟ ಗುರುತು ಹಾಕಿಕೊಳ್ಳಿ. ಒಂದು ವಾರ ಓಡಿಸಿದ ಮೇಲೆ ಯಾವುದು ಇಳಿದಿದೆ ನೋಡಿ.

ಎಂಜಿನ್ ಎಣ್ಣೆಯೇ ಆದರೂ ಸೀಲನ್ನು ಬೈಯುವ ಮೊದಲು ಮೇಲೆ ನೋಡಿ. ಎಂಜಿನ್ ತಲೆಯ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಸೋರಿದರೂ ಎಣ್ಣೆ ಎಂಜಿನ್ ಬೆನ್ನಿನ ಮೇಲೆ ಇಳಿದು ಅಲ್ಲಿಗೇ ಬರುತ್ತದೆ. ಡೀಸೆಲ್‌ನಲ್ಲಿ ತೊಳೆದು, ಒಣಗಿಸಿ, ಸೀಮೆಸುಣ್ಣದ ಪುಡಿ ಉದುರಿಸಿ ಅರ್ಧ ಗಂಟೆ ಓಡಿಸಿದರೆ ದಾರಿ ಕಾಣುತ್ತದೆ. ಎಂಜಿನ್ ಒಳಗಿನ ಗಾಳಿ ಹೊರಗೆ ಬಿಡುವ ಬ್ರೀದರ್ ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡಕ್ಕೆ ಒಳ್ಳೇ ಸೀಲೂ ಸೋರುತ್ತದೆ.

ಇನ್ನು ಕ್ಲಚ್. ಲೋಡಿನಲ್ಲಿ ಎಂಜಿನ್ ಮಾತ್ರ ಕೂಗುತ್ತೆ, ಗಾಡಿ ಎಳೆಯಲ್ಲ ಅಂದಿರಿ. ಅದು ಸ್ಲಿಪ್, ಪ್ಲೇಟ್ ಹಿಡಿಯದೆ ಜಾರುತ್ತಿದೆ ಅಂತ. ಆದರೂ ಮೊದಲು ಪೆಡಲನ್ನು ಕೈಯಲ್ಲಿ ಒತ್ತಿ ನೋಡಿ. ಬಿಗಿಯಾಗುವ ಮುಂಚೆ ಸ್ವಲ್ಪ ಸಡಿಲ ಇರಲೇಬೇಕು. ಎಷ್ಟು ಅಂತ ಗಾಡಿಯ ಪುಸ್ತಕದಲ್ಲಿದೆ. ಸಡಿಲವೇ ಇಲ್ಲದಿದ್ದರೆ, ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಸದಾ ಒತ್ತಿಕೊಂಡೇ ಇರುತ್ತದೆ. ಪ್ಲೇಟ್ ಚೆನ್ನಾಗಿದ್ದರೂ ಜಾರುತ್ತದೆ. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ತಮ್ಮನಿಗೂ ಇದನ್ನು ಓದಿ ಹೇಳಿ. ಗೇರ್ ಹಾಕುವಾಗ ಕರಕರ ಅನ್ನುವುದು ಇದಕ್ಕೆ ಉಲ್ಟಾ, ಸಡಿಲ ಜಾಸ್ತಿಯಾಗಿ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ.

ಇಷ್ಟೆಲ್ಲ ನೋಡಿದ ಮೇಲೂ ಎಂಜಿನ್ನನ್ನೂ ಗೇರ್ ಬಾಕ್ಸನ್ನೂ ಬಿಚ್ಚಿ ಬೇರೆ ಮಾಡಲೇಬೇಕಾದರೆ, ಮುಂದಿನ ಆಕ್ಸಲ್ ಮೇಲೆ ಎರಡೂ ಕಡೆ ಮರದ ಬೆಣೆ ಹೊಡೆಸಿ. ಆ ಆಕ್ಸಲ್ ನಡುವಿನ ಪಿನ್ ಮೇಲೆ ಆಡುತ್ತದೆ. ಬೆಣೆ ಇಲ್ಲದಿದ್ದರೆ ಬೇರೆಯಾದ ಎಂಜಿನ್ ಪಕ್ಕಕ್ಕೆ ಮಗುಚುತ್ತದೆ. ಜ್ಯಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಇಡಿಸಿ. ಒಮ್ಮೆ ಬಿಚ್ಚಿದ ಮೇಲೆ ಎರಡೂ ಸೀಲ್ ಹಾಕಿಸಿಬಿಡಿ. ಸೀಲ್ ಕೂರುವ ಜಾಗದಲ್ಲಿ ಕ್ರ್ಯಾಂಕ್ ಸವೆದು ಗೆರೆ ಬಿದ್ದಿದೆಯಾ ಅಂತ ಉಗುರಿನಲ್ಲಿ ಸವರಿ ನೋಡಿ. ಗೆರೆ ಇದ್ದರೆ ಹೊಸ ಸೀಲೂ ಸೋರಬಹುದು. ಎಣ್ಣೆ ಕುಡಿದ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಕೊಟ್ಟರೆ ತೆಗೆದುಕೊಳ್ಳಬೇಡಿ. ಸ್ವಲ್ಪ ದಿನಕ್ಕೇ ಮತ್ತೆ ಜಾರುತ್ತದೆ.

ರಟ್ಟಿನ ಫೋಟೋ ತೆಗೆದು ಕಳಿಸಲು ತಮ್ಮನಿಗೆ ಹೇಳಿ. ಅಮ್ಮನಿಗೆ ಭಾನುವಾರ ಫೋನ್ ಮಾಡುತ್ತೇನೆ.

ನಿಮ್ಮ ಮಗ