ಕರಿಕಲ್ಲಿನ ಪುಡಿ ಮಲೆನಾಡಿಗೂ ಬರಲಿ

ಸಂಪಾದಕರಿಗೆ ನಮಸ್ಕಾರ.

ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಹೀರುವ ಮಷೀನ್ ಬಂದಿದೆ, ಇನ್ನು ಮಳೆ ಸರಿಹೋಗುತ್ತದೆ ಅನ್ನುವವರು ನಮ್ಮೂರ ಟೀ ಅಂಗಡಿಯಲ್ಲೂ ಇದ್ದಾರೆ. ಐಸ್‌ಲ್ಯಾಂಡಿನಲ್ಲಿ 2024ರಲ್ಲಿ ಶುರುವಾದ ಅಂಥದ್ದೇ ‘ಮ್ಯಾಮತ್’ ಘಟಕ ಪೂರ್ತಿ ಓಡಿದರೂ ವರ್ಷಕ್ಕೆ ಹೀರುವುದು 36,000 ಟನ್. ಜಗತ್ತು ಕಲ್ಲಿದ್ದಲು, ಪೆಟ್ರೋಲ್, ಗ್ಯಾಸ್ ಸುಟ್ಟು ಬಿಡುವುದು ಸುಮಾರು 3,700 ಕೋಟಿ ಟನ್. ಲೆಕ್ಕ ಹಾಕಿದರೆ ಅರ್ಧ ನಿಮಿಷದ ಹೊಗೆ! ಅದಕ್ಕೂ ಕರೆಂಟ್ ಬೇಕು. ಅವರಿಗೆ ಭೂಮಿಯೊಳಗಿನ ಬಿಸಿಯಿಂದ ಸಿಗುತ್ತದೆ, ನಮಗೆ ಬೇಸಿಗೆಯಲ್ಲಿ ಪಂಪ್‌ಸೆಟ್‌ಗೇ ಸಾಲುವುದಿಲ್ಲ.

ನನಗೆ ಹಿಡಿಸಿದ್ದು ಇನ್ನೊಂದು ದಾರಿ. ಮಳೆನೀರು ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಕರಗಿಸಿಕೊಂಡು ಸ್ವಲ್ಪ ಹುಳಿಯಾಗುತ್ತದೆ, ಆ ಹುಳಿ ಕಲ್ಲನ್ನು ತಿನ್ನುತ್ತದೆ, ಆಗ ಆ ಕಾರ್ಬನ್ ಡೈಆಕ್ಸೈಡ್ ನೀರಲ್ಲಿ ಕರಗಿದ ಬೈಕಾರ್ಬೊನೇಟ್ ಆಗಿ ಹೊಳೆ ಹಿಡಿದು ಸಮುದ್ರ ಸೇರಿ ಸಾವಿರಾರು ವರ್ಷ ಅಲ್ಲೇ ಇರುತ್ತದೆ. ಬಂಡೆಯಾದರೆ ಯುಗಗಟ್ಟಲೆ ಬೇಕು, ಪುಡಿ ಮಾಡಿದರೆ ಕೆಲಸ ಬೇಗ. ಛತ್ತೀಸ್‌ಗಢದ ಭತ್ತದ ಗದ್ದೆಗಳಿಗೆ ಬಸಾಲ್ಟ್ ಅನ್ನುವ ಕರಿಕಲ್ಲಿನ ಪುಡಿ ಹಾಕಿಸುವ ‘ಮಾಟಿ ಕಾರ್ಬನ್’ ಸಂಸ್ಥೆಗೆ 2025ರಲ್ಲಿ ಗಾಳಿಯ ಇಂಗಾಲ ತೆಗೆಯುವವರಿಗಾಗಿ ನಡೆದ ಎಕ್ಸ್‌ಪ್ರೈಜ್ ಸ್ಪರ್ಧೆಯ 5 ಕೋಟಿ ಡಾಲರ್ ಬಹುಮಾನ ಬಂತು.

ಸಾಗರದ ಕಡೆ ನಮ್ಮದು ಹುಳಿ ಮಣ್ಣು. ಮೂಗಿಗೆ ಟವೆಲ್ ಕಟ್ಟಿಕೊಂಡು ತೋಟಕ್ಕೆ ಸುಣ್ಣ ಎರಚುತ್ತೇವೆ, ಸ್ನಾನ ಮಾಡಿದ ಮೇಲೂ ಬೆರಳ ಸಂದಿ ಉರಿಯುತ್ತಿರುತ್ತದೆ. ಆ ಸುಣ್ಣ ಸುಡುವಾಗ ಭಟ್ಟಿಯಿಂದ ಹೊರಬರುವುದೂ ಇದೇ ಕಾರ್ಬನ್ ಡೈಆಕ್ಸೈಡ್, ತಮಾಷೆ ಅಲ್ವಾ? ಬಸಾಲ್ಟ್ ಪುಡಿಯೂ ಮಣ್ಣಿನ ಹುಳಿ ಇಳಿಸುತ್ತದೆ, ನಿಧಾನವಾಗಿ. ಆ ಕರಿಕಲ್ಲು ಇರುವುದು ವಿಜಯಪುರ, ಬೆಳಗಾವಿ ಕಡೆ. ಆದರೆ ಅಲ್ಲಿನ ಎರೆಮಣ್ಣು ಹುಳಿಯಲ್ಲ, ಮಳೆಯೂ ಕಡಿಮೆ. ಮಳೆ, ಹುಳಿ ಎರಡೂ ಜಾಸ್ತಿ ಇರುವುದು ನಮ್ಮಲ್ಲಿ. ಅಲ್ಲಿಂದ ಪುಡಿ ತರುವ ಲಾರಿಯ ಡೀಸೆಲ್ ಹೊಗೆ ಕಳೆದು ಎಷ್ಟು ಲಾಭ ಉಳಿಯುತ್ತದೆ, ಕಲ್ಲಿನಲ್ಲಿರುವ ನಿಕ್ಕಲ್, ಕ್ರೋಮಿಯಂ ಲೋಹ ಅಕ್ಕಿಗೆ ಇಳಿಯುತ್ತದೆಯೇ ಅನ್ನುವುದನ್ನು ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯದವರು ಒಂದೆರಡು ಎಕರೆಯಲ್ಲಾದರೂ ನಾಲ್ಕು ಮಳೆಗಾಲ ನೋಡಿ ಹೇಳಲಿ. ಸುಮ್ನೆ ಭಾಷಣಕ್ಕಿಂತ ಅದು ವಾಸಿ.

ಇನ್ನೊಂದು ಮಾತು. ಹೀಗೆ ಹಿಡಿದ ಇಂಗಾಲದ ಲೆಕ್ಕವನ್ನು ಕಾರ್ಬನ್ ಕ್ರೆಡಿಟ್ ಅಂತ ದೊಡ್ಡ ಕಂಪನಿಗಳಿಗೆ ಮಾರುತ್ತಾರೆ, ಅವರು ಅದನ್ನು ತಮ್ಮ ಹೊಗೆಯ ಲೆಕ್ಕದಲ್ಲಿ ಕಳೆದು ತೋರಿಸುತ್ತಾರೆ. ಕೊಂಡವರು ತಮ್ಮ ಹೊಗೆ ಇಳಿಸದೆ ಕೂತರೆ ನಮ್ಮ ಗದ್ದೆ ಅವರ ಪಾಪ ತೊಳೆಯುವ ಬಚ್ಚಲಾಗುತ್ತದೆ. ನಾಳೆ ಯಾರಾದರೂ ರೈತರ ಸಹಿ ಕೇಳಿಕೊಂಡು ಬಂದರೆ ಕ್ರೆಡಿಟ್ ಯಾರಿಗೆ ಹೋಗುತ್ತದೆ, ನಮ್ಮ ಪಾಲೆಷ್ಟು ಅನ್ನುವುದು ಕರಾರಿನಲ್ಲಿರಲಿ, ಕರಾರು ಕನ್ನಡದಲ್ಲಿರಲಿ.

– ಒಬ್ಬ ಅಡಿಕೆ ಬೆಳೆಗಾರ, ಸಾಗರ ತಾಲ್ಲೂಕು