ಡಿಸೆಂಬರ್ 20ರ ಬೂಶ್ ದ ನೊಯೆಲ್ ಕೇಕ್: ಸದಸ್ಯರಿಗೆ ಸೂಚನೆ

ಎಲ್ಲ ಸದಸ್ಯರಿಗೆ ನಮಸ್ಕಾರ.

ಪ್ಯಾರಿಸ್ ಸುತ್ತಮುತ್ತಲಿನ ನಮ್ಮ ಕನ್ನಡ ಕುಟುಂಬಗಳ ಕ್ರಿಸ್‌ಮಸ್ ಊಟಕ್ಕೆ ಮರದ ದಿಮ್ಮಿಯ ಆಕಾರದ ಚಾಕೊಲೇಟ್ ಸುರುಳಿ ಕೇಕನ್ನು, ಅಂದರೆ ಬೂಶ್ ದ ನೊಯೆಲ್ ಅನ್ನು, ಮನೆಯಲ್ಲೇ ಮಾಡಲು ಒಪ್ಪಿರುವವರು ಡಿಸೆಂಬರ್ 20ರ ಶನಿವಾರ ಸಂಜೆ 5 ಗಂಟೆಯೊಳಗೆ ಅದನ್ನು ಸಭಾಂಗಣಕ್ಕೆ ತಲುಪಿಸಬೇಕಾಗಿ ವಿನಂತಿ.

ಒಂದು ಕೇಕಿಗೆ 4 ಮೊಟ್ಟೆ, 100 ಗ್ರಾಂ ಸಕ್ಕರೆ, 80 ಗ್ರಾಂ ಮೈದಾ ಮತ್ತು 20 ಗ್ರಾಂ ಕೋಕೋ ಪುಡಿ ಸಾಕಾಗುತ್ತದೆ. ಮೊಟ್ಟೆ, ಸಕ್ಕರೆಗಳನ್ನು ಬಿಳುಪೇರಿ ದಪ್ಪಗಾಗುವವರೆಗೆ ಚೆನ್ನಾಗಿ ಕಡೆದು, ಜರಡಿ ಹಿಡಿದ ಮೈದಾ ಮತ್ತು ಕೋಕೋವನ್ನು ನೊರೆ ಇಳಿಯದಂತೆ ಬೆರೆಸಿ, ಬೇಕಿಂಗ್ ಕಾಗದ ಹಾಸಿದ ಅಗಲವಾದ ಟ್ರೇಯಲ್ಲಿ ತೆಳುವಾಗಿ ಹರಡಿ, 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 10ರಿಂದ 12 ನಿಮಿಷ ಬೇಯಿಸಿರಿ. ಇದಕ್ಕಿಂತ ಹೆಚ್ಚು ಬೆಂದರೆ ಅಂಚು ಒಣಗಿ, ಸುತ್ತುವಾಗ ಬಿರಿಯುತ್ತದೆ. ಓವನ್‌ನಿಂದ ತೆಗೆದ ಕೂಡಲೇ, ಬಿಸಿಯಾಗಿರುವಾಗಲೇ, ಕೋಕೋ ಉದುರಿಸಿದ ಶುಭ್ರ ಬಟ್ಟೆಯ ಸಮೇತ ಸುತ್ತಿಡಬೇಕು. ಪೂರ್ತಿ ಆರಿದ ಮೇಲಷ್ಟೇ ಬಿಚ್ಚಿ, ಕ್ರೀಮ್ ಸವರಿ, ಮತ್ತೆ ಸುತ್ತಬೇಕು.

ಹೊರಲೇಪಕ್ಕೆ 200 ಗ್ರಾಂ ಡಾರ್ಕ್ ಚಾಕೊಲೇಟನ್ನು 200 ಮಿಲಿಲೀಟರ್ ಬಿಸಿ ಕ್ರೀಮಿನಲ್ಲಿ ಕರಗಿಸಿ, ಗಟ್ಟಿಯಾಗುತ್ತಿದ್ದಂತೆ ಹಚ್ಚಿ, ಫೋರ್ಕಿನಿಂದ ತೊಗಟೆಯ ಗೆರೆಗಳನ್ನು ಎಳೆಯಿರಿ. ಸಣ್ಣ ಬಿರುಕುಗಳು ಇದರಡಿ ಮುಚ್ಚಿಹೋಗುವುದರಿಂದ ಚಿಂತೆ ಬೇಡ. ಮೆರಾಂಗ್ ಅಣಬೆಗಳ (ಮೊಟ್ಟೆಯ ಬಿಳಿ ಮತ್ತು ಸಕ್ಕರೆ ಕಡೆದು ಅಣಬೆಯ ಆಕಾರದಲ್ಲಿ ಬೇಯಿಸಿದ ಸಿಹಿ) ಅಲಂಕಾರ ಕಡ್ಡಾಯವಲ್ಲ. ನನ್ನ ಮಟ್ಟಿಗೆ ಅದು ರುಚಿಗಿಂತ ಫೋಟೋಗೆ ಹೆಚ್ಚು ಉಪಯುಕ್ತ.

ಮಕ್ಕಳೂ ಸಸ್ಯಾಹಾರಿಗಳೂ ಇರುವುದರಿಂದ ರಮ್ ಮತ್ತು ಪ್ರಾಣಿಗಳಿಂದ ತೆಗೆಯುವ ಜೆಲಟಿನ್ ಬಳಸಬೇಡಿ. ಮೊಟ್ಟೆ ಅಥವಾ ಬೀಜಗಳಿದ್ದರೆ ಡಬ್ಬಿಯ ಮೇಲೆ ಸ್ಪಷ್ಟವಾಗಿ ಬರೆಯಿರಿ. ಮೊಟ್ಟೆರಹಿತ ಕೇಕ್ ಮಾಡುವವರು ಕನಿಷ್ಠ ಇಬ್ಬರು ಬೇಕಾಗಿದ್ದಾರೆ.

ಯಾರು ಯಾವ ಬಗೆಯದನ್ನು ತರುತ್ತೀರೆಂಬುದನ್ನು 14ರ ಭಾನುವಾರದೊಳಗೆ ದಯವಿಟ್ಟು ಇಲ್ಲಿಯೇ ತಿಳಿಸಿರಿ.