ಜಾತ್ರೆಯ ರೈಡ್‌ಗೂ ಪಾರ್ಕಿನ ಕಟ್ಟುನಿಟ್ಟು ಬೇಕು

ಸಂಪಾದಕರಿಗೆ ನಮಸ್ಕಾರ.

ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಹಿರಿಯರೊಬ್ಬರ ಪತ್ರ ಓದಿದೆ. ರೋಲರ್ ಕೋಸ್ಟರ್‌ಗಳನ್ನೆಲ್ಲ ಮುಚ್ಚಿಸಬೇಕು, ದುಡ್ಡು ಕೊಟ್ಟು ಜೀವಕ್ಕೆ ಸಂಚಕಾರ ತಂದುಕೊಳ್ಳುವ ಹುಚ್ಚು ಈಗಿನ ಹುಡುಗರಿಗೆ ಯಾಕೆ ಅಂತ ಕೇಳಿದ್ದರು. ಅವರ ಭಯ ಸುಮ್ಮನೆ ಬಂದದ್ದಲ್ಲ. 2025ರ ಏಪ್ರಿಲ್‌ನಲ್ಲಿ ದೆಹಲಿಯ ಪಾರ್ಕೊಂದರಲ್ಲಿ ಯುವತಿಯೊಬ್ಬರು ರೋಲರ್ ಕೋಸ್ಟರ್‌ನಿಂದ ಬಿದ್ದು ಸತ್ತರು. 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ಅತ್ತಿಂದಿತ್ತ ತೂಗುವ ದೊಡ್ಡ ರೈಡ್ ಒಂದು ಮುರಿದು ಬಿದ್ದು ಇಬ್ಬರು ಹೋದರು, ಹಲವರ ಕೈಕಾಲು ಮುರಿಯಿತು. ಇದನ್ನೆಲ್ಲ ಓದಿದ ಅಪ್ಪ-ಅಮ್ಮ ‘ಬೇಡ ಕಣೋ’ ಅನ್ನದೆ ಇನ್ನೇನು ಅಂತಾರೆ? ಆದರೂ ಮುಚ್ಚಿಸಿ ಅನ್ನುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ನಮ್ಮದು ಕಾಲೇಜಿನ ಗೆಳೆಯರ ಗುಂಪು. ಈಗ ಒಬ್ಬೊಬ್ಬರು ಒಂದೊಂದು ಊರಿನಲ್ಲಿದ್ದೇವೆ. ಇತ್ತೀಚೆಗೆ ಎಲ್ಲರೂ ರಜೆ ಹೊಂದಿಸಿಕೊಂಡು ಬಿಡದಿ ಹತ್ತಿರದ ವಂಡರ್‌ಲಾಗೆ ಹೋಗಿದ್ದೆವು. 2005ರಿಂದ ಇರುವ ಜಾಗ. ನಮ್ಮ ಮಂಡ್ಯ ಕಡೆ ಸ್ಕೂಲ್ ಟ್ರಿಪ್ ಅಂದರೆ ಮಕ್ಕಳ ಬಾಯಲ್ಲಿ ಮೊದಲು ಬರುವ ಹೆಸರೇ ಅದು. ಅಲ್ಲಿ ರಿಕಾಯಿಲ್ ಅಂತ ಒಂದು ಕೋಸ್ಟರ್ ಇದೆ. ಅದು ಶುರುವಿನಲ್ಲೇ ನಮ್ಮನ್ನು ಹಿಂದಕ್ಕೆ ಎಳೆದುಕೊಂಡು ಮೇಲೆ ಹತ್ತುತ್ತದೆ. ಬೆನ್ನು ಆಕಾಶಕ್ಕೆ, ಮುಖ ನೆಲಕ್ಕೆ, ಇಡೀ ಮೈಯ ಭಾರ ಎದೆ ಮೇಲಿನ ಬಾರ್ ಮೇಲೆ. ಕೆಳಗೆ ಕ್ಯೂನಲ್ಲಿ ನಿಂತವರ ತಲೆಗಳು ಕಾಣುತ್ತಿರುತ್ತವೆ. ಮೇಲೆ ಹೋಗಿ ಒಂದು ಗಳಿಗೆ ನಿಲ್ಲುತ್ತದಲ್ಲ, ಆಗ ಯಾರೂ ಮಾತಾಡುವುದಿಲ್ಲ. ಆಮೇಲೆ ಬಿಡುತ್ತಾರೆ. ತಲೆಕೆಳಗಾಗಿ ಸುತ್ತಿಸಿ ಆ ಕಡೆ ತುದಿಗೆ ಏರಿಸಿ, ಉಸಿರು ಬಿಡುವಷ್ಟರಲ್ಲಿ ಅದೇ ದಾರಿಯಲ್ಲಿ ಮತ್ತೆ ಹಿಮ್ಮುಖವಾಗಿ ಸುತ್ತಿಸಿಕೊಂಡು ಬರುತ್ತದೆ, ಈ ಸಲ ಮುಂದೇನು ಅಂತ ಕಾಣುವುದೂ ಇಲ್ಲ.

ನಮ್ಮಲ್ಲಿ ಪುಣೆಯಲ್ಲಿರುವವನು ಇಮ್ಯಾಜಿಕಾ ಪಾರ್ಕಿನ ನೈಟ್ರೋ ಕೋಸ್ಟರ್ ಹತ್ತಿ ಬಂದವನು, ಅದರಲ್ಲಿ ಕಾಲ ಕೆಳಗೆ ನೆಲವೇ ಇರಲ್ಲ, ಇದೇನ್ ಮಹಾ ಅಂತ ಕ್ಯೂ ಪೂರ್ತಿ ಕೊಚ್ಚಿಕೊಂಡಿದ್ದ. ಮೇಲೆ ಹೋದ ಮೇಲೆ ಟಿಕೆಟ್ ಬುಕ್ ಮಾಡಿದವನ ವಂಶವನ್ನೆಲ್ಲ ಬೈದ. ಇಳಿದ ಕೂಡಲೇ ‘ಇನ್ನೊಂದ್ಸಲ ಹೋಗೋಣ್ವಾ’ ಅಂದವನೂ ಅವನೇ. ಒಬ್ಬ ಗೆಳೆಯ ಹತ್ತಲೇ ಇಲ್ಲ, ನಮ್ಮ ಬ್ಯಾಗು, ಮೊಬೈಲು ಹಿಡಿದುಕೊಂಡು ಕೆಳಗೆ ನಿಂತ. ಅವನನ್ನು ಯಾರೂ ಬಲವಂತ ಮಾಡಲಿಲ್ಲ. ಹಾಗೇ ಇರಬೇಕು. (ಬಿಡದಿಯ ತಟ್ಟೆ ಇಡ್ಲಿಯನ್ನು ದಯವಿಟ್ಟು ವಾಪಸ್ ಬರುವಾಗ ತಿನ್ನಿ.)

ಈ ಭಯ ದುಡ್ಡು ಕೊಟ್ಟು ಕೊಳ್ಳುವ ಭಯ, ಇದರ ಹಿಂದೆ ಗಟ್ಟಿ ಲೆಕ್ಕ ಇದೆ. ಹೆಚ್ಚಿನ ಕೋಸ್ಟರ್‌ಗಳ ಗಾಡಿಗೆ ಎಂಜಿನ್ನೇ ಇರುವುದಿಲ್ಲ. ಚೈನ್ ಮೇಲಕ್ಕೆ ಎಳೆದು ಬಿಡುತ್ತದೆ, ಉಳಿದದ್ದು ಇಳಿಜಾರಿನ ಕೆಲಸ. ಏರುವಾಗ ಟಕ್ ಟಕ್ ಅಂತ ಕೇಳಿ ನಾವು ಹೆದರುತ್ತೇವಲ್ಲ, ಅದು ಚೈನ್ ತುಂಡಾದರೂ ಗಾಡಿ ಹಿಂದಕ್ಕೆ ಜಾರದಂತೆ ಹಿಡಿಯುವ ಕೊಕ್ಕೆಯ ಸದ್ದು. ಇನ್ನು ಚಕ್ರ. ಹಳಿಯ ಮೇಲೆ ಒಂದು ಜೊತೆ, ಪಕ್ಕಕ್ಕೆ ಒಂದು ಜೊತೆ, ಹಳಿಯ ಕೆಳಗಿನಿಂದ ಕಚ್ಚಿ ಹಿಡಿಯಲು ಇನ್ನೊಂದು ಜೊತೆ. ಹಾಗಾಗಿ ತಲೆಕೆಳಗಾದರೂ ಗಾಡಿ ಹಳಿ ಬಿಡುವುದಿಲ್ಲ. ಕೆಳಗಿನ ಚಕ್ರಕ್ಕೆ ಅಮೆರಿಕದ ಜಾನ್ ಮಿಲ್ಲರ್ 1919ರಲ್ಲೇ ಪೇಟೆಂಟ್ ಪಡೆದಿದ್ದರು. ಸುತ್ತು ಕೂಡ ಪೂರ್ತಿ ದುಂಡಗಿರುವುದಿಲ್ಲ, ನೀರಿನ ಹನಿಯ ಆಕಾರದಲ್ಲಿರುತ್ತದೆ. 1895ರ ಹೊತ್ತಿಗೆ ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ ದುಂಡನೆಯ ಸುತ್ತು ಕಟ್ಟಿ ಜನರ ಕುತ್ತಿಗೆ ನೋಯಿಸಿ ಆಗಿದೆ, ಅದರಿಂದ ಕಲಿತದ್ದು ಇದು.

ಆದರೆ ಈ ಲೆಕ್ಕವೆಲ್ಲ ಕೊನೆಗೆ ನಿಲ್ಲುವುದು ಸೀಟಿನ ಬಾರ್ ಹಾಕುವ ಹುಡುಗನ ಕೈಯಲ್ಲಿ. ಅವತ್ತು ನಮ್ಮ ಮುಂದೆ ಒಂದು ಕುಟುಂಬ ಇತ್ತು. ಮಗು ಎತ್ತರದ ಗೆರೆಗೆ ಎರಡು ಬೆರಳು ಕಡಿಮೆ. ಅಪ್ಪ ಶುರು ಮಾಡಿದರು, ‘ಸ್ವಲ್ಪ ಅಡ್ಜಸ್ಟ್ ಮಾಡಿ ಸರ್, ನಾನು ಹಿಡ್ಕೊಂಡಿರ್ತೀನಿ.’ ಆಗಲ್ಲ ಸರ್. ‘ಅಷ್ಟು ದೂರದಿಂದ ಬಂದಿದ್ದೀವಿ.’ ಆಗಲ್ಲ ಸರ್. ಮಗುವಿನ ಜುಟ್ಟನ್ನು ಮೇಲೆ ಎತ್ತಿ ಕಟ್ಟಿಯೂ ನೋಡಿದರು. ಕೊನೆಗೆ ಮ್ಯಾನೇಜರ್ ಕರೀರಿ ಅಂತ ಜೋರಾದರು. ಆ ಹುಡುಗ ಮುಖದಲ್ಲಿ ಸಿಟ್ಟೂ ಇಲ್ಲದೆ ನಗುವೂ ಇಲ್ಲದೆ ಅದೇ ಮಾತು ಹೇಳುತ್ತಾ ನಿಂತಿದ್ದ. ಕ್ಯೂನಲ್ಲಿದ್ದವರು ಅಪ್ಪನ ಪರವೇ ಮಾತಾಡಿದರು, ಅಲ್ಲಿ ಬೇಜಾರಾದದ್ದು ನನಗೆ ಅದು. ಬಾರ್ ಮಾಡಿರುವುದು ಒಂದು ಅಳತೆಯ ಮೈಗೆ. ಮಗು ಚಿಕ್ಕದಾದರೆ ಅದರ ಕೆಳಗಿನಿಂದ ಜಾರಿಬಿಡಬಹುದು, ಅಷ್ಟು ವೇಗದಲ್ಲಿ ಯಾವ ಅಪ್ಪನ ಕೈಯೂ ಹಿಡಿದು ನಿಲ್ಲಿಸಲಾರದು. ಆ ಹುಡುಗನಿಗೆ ಬೈಯುವ ಬದಲು ಒಂದು ಥ್ಯಾಂಕ್ಸ್ ಹೇಳಬೇಕಿತ್ತು, ಅಲ್ವಾ?

ಈಗ ನಮ್ಮ ಕಡೆಯ ಜಾತ್ರೆಗೆ ಬನ್ನಿ. ಊರಿನ ಹೆಸರು ಹೇಳುವುದಿಲ್ಲ, ಇದು ಒಂದೇ ಊರಿನ ಕತೆಯೂ ಅಲ್ಲ. ಜೈಂಟ್ ವೀಲ್, ಕೊಲಂಬಸ್, ಟೊರಾ ಟೊರಾ, ಬ್ರೇಕ್ ಡ್ಯಾನ್ಸ್, ಅವುಗಳ ಜೊತೆಗೆ ಪುಟ್ಟ ಮಕ್ಕಳ ಕೋಸ್ಟರ್ ಅನ್ನಬಹುದಾದ ಡ್ರ್ಯಾಗನ್ ಟ್ರೇನ್ ಬಂದಿತ್ತು. ಅಕ್ಕನ ಮಗನನ್ನು ಹತ್ತಿಸಲು ಹೋದೆ. ಮೂರನೇ ಡಬ್ಬಿಯ ಬಾರ್‌ಗೆ ಪಿನ್ ಇರಲಿಲ್ಲ, ನೀಲಿ ಪ್ಲಾಸ್ಟಿಕ್ ಹಗ್ಗ ಸುತ್ತಿ ಗಂಟು ಹಾಕಿದ್ದರು. ಹಳಿಯ ಕಾಲೊಂದರ ಕೆಳಗೆ ಇಟ್ಟಿಗೆ, ಅದರ ಮೇಲೆ ಹಲಗೆ ತುಂಡು. ಗಾಡಿ ತಿರುಗಿದಾಗೆಲ್ಲ ಆ ಹಲಗೆ ಕುಣಿಯುತ್ತಿತ್ತು. ಕೇಳಿದರೆ ‘ಏನೂ ಆಗಲ್ಲ ಬನ್ನಿ ಅಣ್ಣ’. ಅನುಮತಿ ಕೊಟ್ಟ ಕಚೇರಿಯಲ್ಲಿ ವಿಚಾರಿಸಿದರೆ ‘ನಾಳಿದ್ದು ಜಾತ್ರೆ ಮುಗಿಯುತ್ತಲ್ಲ ಬಿಡಿ’. ಹುಡುಗನಿಗೆ ಕಡ್ಲೆಪುರಿ ಕೊಡಿಸಿ ವಾಪಸ್ ಕರೆದುಕೊಂಡು ಬಂದೆ. ಅವನು ದಾರಿಯುದ್ದಕ್ಕೂ ಅತ್ತ. ನಮ್ಮ ಹಿಂದೆ ನಿಂತಿದ್ದ ಮಕ್ಕಳು ಹತ್ತಿದರು.

ಮುಚ್ಚಿಸಿ ಅಂದ ಹಿರಿಯರಿಗೆ ನಾನು ಹೇಳುವುದು ಇಷ್ಟೇ. ಪಾರ್ಕನ್ನು ಮುಚ್ಚಿಸಿದರೆ ಹುಡುಗರು ಮನೆಯಲ್ಲಿ ಕೂರುವುದಿಲ್ಲ, ಈ ಹಗ್ಗ ಕಟ್ಟಿದ ಡಬ್ಬಿಗೇ ಹತ್ತುತ್ತಾರೆ. ಅಲ್ಲದೆ ಪಾರ್ಕಿನ ಯಂತ್ರ ನಿಂತಲ್ಲೇ ನಿಂತಿರುತ್ತದೆ. ಜಾತ್ರೆಯ ರೈಡ್ ಹಾಗಲ್ಲ. ಒಂದೂರಲ್ಲಿ ಬಿಚ್ಚಿ, ಲಾರಿಗೆ ಹೇರಿ, ಇನ್ನೊಂದೂರಲ್ಲಿ ರಾತ್ರೋರಾತ್ರಿ ಜೋಡಿಸುತ್ತಾರೆ. ನೆಲ ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಉಳುಮೆ ಮಾಡಿದ ಹೊಲ. ಒಂದು ಬೋಲ್ಟ್ ಲಾರಿಯಲ್ಲೇ ಉಳಿದರೂ ಗೊತ್ತಾಗುವುದಿಲ್ಲ. ಹಾಗಾಗಿ ಜೋಡಿಸಿದಾಗಲೆಲ್ಲ ಹೊಸದಾಗಿ ತಪಾಸಣೆ ಆಗಬೇಕು, ಹೋದ ಜಾತ್ರೆಯ ಕಾಗದ ತೋರಿಸಿದರೆ ನಡೆಯಬಾರದು. ರೈಡ್ ನಡೆಸುವ ಕಂಪನಿಯವರನ್ನು ಓಡಿಸಿ ಅಂತಲೂ ಅಲ್ಲ, ಪಾಪ, ಅವರ ಹೊಟ್ಟೆಪಾಡು. ಖಾಲಿ ಗಾಡಿ ಓಡಿಸಿ, ಆಮೇಲೆ ಮರಳು ಮೂಟೆ ಹಾಕಿ ಓಡಿಸಿ ನೋಡುವುದಕ್ಕೆ ಅರ್ಧ ದಿನ ಸಾಕು. ಎತ್ತರದ ಗೆರೆ ಎಳೆಯುವುದಕ್ಕೆ ಒಂದು ಡಬ್ಬಿ ಬಣ್ಣ. ಬೇಡ ಅಂತ ವಾಪಸ್ ಕಳಿಸಿದ ಮಗುವಿನ ಟಿಕೆಟ್ ದುಡ್ಡು ಹಿಂದಿರುಗಿಸಬೇಕು, ಇಲ್ಲದಿದ್ದರೆ ಮತ್ತೆ ಅದೇ ಅಡ್ಜಸ್ಟ್ ಮಾತು ಶುರುವಾಗುತ್ತದೆ.

ಸುಗ್ಗಿ ಮುಗಿದ ಮೇಲೆ ನಮ್ಮ ತಾಲ್ಲೂಕಿನಲ್ಲಿ ಜಾತ್ರೆಗಳ ಸಾಲು. ಯಾರು ತಪಾಸಣೆ ಮಾಡಿದರು, ಯಾವ ದಿನ, ಒಂದು ಸಲಕ್ಕೆ ಎಷ್ಟು ಜನ ಹತ್ತಬಹುದು ಅನ್ನುವುದನ್ನು ದಪ್ಪ ಕನ್ನಡ ಅಕ್ಷರದಲ್ಲಿ ಬರೆಸಿ ಟಿಕೆಟ್ ಕೌಂಟರ್ ಮುಂದೆ ತೂಗುಹಾಕದ ರೈಡ್‌ಗೆ ಕರೆಂಟ್ ಕೊಡಬೇಡಿ. ತಹಸೀಲ್ದಾರರು ಲಾರಿಗಳು ಬರುವ ಮೊದಲೇ ಈ ಆದೇಶ ಹೊರಡಿಸಲಿ, ನಿಮ್ಮ ಪತ್ರಿಕೆಯೂ ಅದು ಬಂತಾ ಇಲ್ಲವಾ ಅಂತ ಆಗಲೇ ಕೇಳಿ ಬರೆಯಲಿ.

– ನಿಮ್ಮ ಓದುಗ, ಮಂಡ್ಯ